ನಂದಿಯ ಬುಡದ ದ್ರಾಕ್ಷಿ ಸೀಮೆಯಲ್ಲಿ

ಶನಿವಾರ, ಭಾನುವಾರ ಬೆಳಕು ಹರಿಯುವ ಮೊದಲೇ ಬಳ್ಳಾರಿ ರಸ್ತೆಯಲ್ಲಿ ಸೈಕಲ್ ದೀಪಗಳ ಸಾಲು ಉತ್ತರಕ್ಕೆ ಹೊರಟಿರುತ್ತದೆ. ಹೆಬ್ಬಾಳ, ಯಲಹಂಕ, ಚಿಕ್ಕಜಾಲ, ದೇವನಹಳ್ಳಿ, ಆಮೇಲೆ ನಂದಿ. ಬೆಂಗಳೂರಿನಲ್ಲಿ ರೋಡ್ ಬೈಕ್ ಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆಯೇ ‘ನಂದಿ ಹತ್ತಿದ್ರಾ?’ ಎಂಬುದು. ಸುಮಾರು ಎಂಟು ಕಿಲೋಮೀಟರ್ ಏರು, ನಲವತ್ತು ತಿರುವು, ನೆತ್ತಿಯಲ್ಲಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರ. ಕೊನೆಯ ತಿರುವುಗಳಲ್ಲಿ ಗೇರ್ ಎಲ್ಲ ಮುಗಿದು, ತೊಡೆ ಉರಿದು, ನಮ್ಮ ಉಸಿರೊಂದೇ ನಮಗೆ ಕೇಳಿಸುವ ಆ ಹೊತ್ತಿಗಾಗಿಯೇ ನೂರಾರು ಜನ ನಿದ್ದೆಗೆಟ್ಟು ಬರುತ್ತಾರೆ. ಆ ಸುಖವನ್ನು ನಾನೂ ಬಲ್ಲೆ. ಅದನ್ನು ಕಡಿಮೆ ಮಾಡಿ ಹೇಳಲಾರೆ.

ಆದರೆ ಏರುವವನ ಕಣ್ಣು ಮುಂದಿನ ಹತ್ತಡಿ ಡಾಂಬರಿನ ಮೇಲೆ ನೆಟ್ಟಿರುತ್ತದೆ. ಇಳಿಯುವವನ ಗಮನವೆಲ್ಲ ಬ್ರೇಕಿನ ಮೇಲೆ. ಇವೆರಡರ ನಡುವೆ, ನೆತ್ತಿಯಲ್ಲಿ ನಿಂತು ಮಂಜು ಸರಿಯುವ ತನಕ ಕಾದವರಿಗೆ ಮಾತ್ರ ಬಯಲಿನಲ್ಲಿ ಒತ್ತೊತ್ತಾಗಿ ಹರಡಿದ ಚೌಕಗಳು ಕಾಣುತ್ತವೆ. ಕೆಲವು ಕಡುಹಸಿರು, ಕೆಲವು ಎಳೆಹಸಿರು, ಕೆಲವು ಬರೀ ಕಂದು. ಅವು ದ್ರಾಕ್ಷಿ ಚಪ್ಪರಗಳು. ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳು ಕೂಡುವ ಈ ಸೀಮೆ ‘ಬೆಂಗಳೂರು ಬ್ಲೂ’ ದ್ರಾಕ್ಷಿಯ ತವರು. ಹತ್ತುವ ಆತುರದಲ್ಲಿ ನಾವು ದಾಟಿಬಿಡುವ ಈ ಬಯಲಿಗೆ ಹೇಳುವುದು ಬಹಳ ಇದೆ ಎಂದು ಮನಸ್ಸಿಗೆ ಹತ್ತಿ, ಫೆಬ್ರವರಿಯ ಒಂದು ಬೆಳಗ್ಗೆ ಬೆಟ್ಟ ಹತ್ತದೆ ಅದರ ಬುಡ ಬಳಸಿ ಬರಲು ಹೊರಟೆ.

ಹೆದ್ದಾರಿ ಬಿಟ್ಟು ದೇವನಹಳ್ಳಿ ಕೋಟೆಯ ಬಾಗಿಲಿಗೆ ಸೈಕಲ್ ತಿರುಗಿಸಿದರೆ ಲಾರಿಗಳ ಸದ್ದು ಕಲ್ಲಿನ ಗೋಡೆಯ ಆಚೆಗೇ ಉಳಿದುಬಿಡುತ್ತದೆ. ಆವತಿಯ ನಾಡಪ್ರಭುಗಳ ಮನೆತನದ ಮಲ್ಲಭೈರೇಗೌಡ 1501ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಹೈದರ್ ಮತ್ತು ಟಿಪ್ಪು ಕಾಲಕ್ಕೆ ಅದು ಕಲ್ಲಿನ ಕೋಟೆಯಾಯಿತು. 18ನೇ ಶತಮಾನದ ನಡುವಿನಲ್ಲಿ ಮೈಸೂರಿನ ದಂಡು ಈ ಕೋಟೆಗೆ ಮುತ್ತಿಗೆ ಹಾಕಿದಾಗಲೇ ಹೈದರಾಲಿ ಎಂಬ ಯುವಕ ಯೋಧನೆಂದು ಹೆಸರು ಮಾಡಿದ್ದು. 1791ರಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಇದನ್ನು ವಶಪಡಿಸಿಕೊಂಡಿತು. ಟಿಪ್ಪು ಹುಟ್ಟಿದ ಜಾಗವೆಂದು ಗುರುತಿಸಿರುವ ಕಲ್ಲಿನ ಪುಟ್ಟ ಮಂಟಪ ಕೋಟೆಗೆ ಹತ್ತಿರದಲ್ಲೇ ಇದೆ.

ನನಗೆ ಹಿಡಿಸಿದ್ದು ಇವೆಲ್ಲಕ್ಕಿಂತ ಹೆಚ್ಚಾಗಿ ಕೋಟೆಯೊಳಗಿನ ಬೀದಿಗಳು. ಅರ್ಧಚಂದ್ರಾಕಾರದ ಬುರುಜುಗಳ ಕೆಳಗೆ ಇಂದಿಗೂ ಜನ ಬಾಳುತ್ತಿದ್ದಾರೆ. ವೇಣುಗೋಪಾಲಸ್ವಾಮಿ ಗುಡಿಯ ಮುಂದೆ ನೀರು ಚಿಮುಕಿಸಿ ರಂಗೋಲಿ ಬಿಡುತ್ತಿದ್ದ ಹೆಂಗಸರು, ಸ್ಕೂಟರಿನ ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಹೊರಟ ಹುಡುಗ, ಜಗಲಿಯ ಮೇಲೆ ಬಿಸಿಲಿಗೆ ಬೆನ್ನೊಡ್ಡಿ ಕೂತ ಅಜ್ಜ. ಕೋಟೆ ಇಲ್ಲಿ ಟಿಕೆಟ್ ಕೊಟ್ಟು ನೋಡುವ ವಸ್ತುವಾಗಿಲ್ಲ, ಅದೊಂದು ಊರು. ಯಾರೋ ದಿನವೂ ಕಸ ಗುಡಿಸುತ್ತಾರೆ, ದೀಪ ಹಚ್ಚುತ್ತಾರೆ, ಜಗಳವಾಡುತ್ತಾರೆ, ಮದುವೆ ಮಾಡುತ್ತಾರೆ. ಆದ್ದರಿಂದಲೇ ಅದಕ್ಕೆ ಜೀವ ಇದೆ. ಈ ವಿಚಾರ ಆ ದಿನವೆಲ್ಲ ನನ್ನ ಜೊತೆಗೇ ಬಂತು.

ದೇವನಹಳ್ಳಿ ದಾಟಿದ ಮೇಲೆ ಆವತಿಯ ಗುಡ್ಡ. ರಣಭೈರೇಗೌಡ ತನ್ನವರೊಂದಿಗೆ ಬಂದು ನೆಲೆಯೂರಿದ ಜಾಗ ಇದು ಎಂದು ಈ ಸೀಮೆಯ ಇತಿಹಾಸ ಹೇಳುತ್ತದೆ. ಈ ಮನೆತನದ ಕವಲುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳನ್ನು ಆಳಿದವು. ಯಲಹಂಕದ ಪ್ರಭುಗಳ, ಎಂದರೆ ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಬೇರೂ ಇಲ್ಲಿಗೇ ಮುಟ್ಟುತ್ತದೆ. ಇವತ್ತು ಸಣ್ಣ ಊರು, ಕಲ್ಲು ಬಂಡೆಯ ಗುಡ್ಡ, ಮೇಲೊಂದು ತಿಮ್ಮರಾಯಸ್ವಾಮಿಯ ಗುಡಿ. ಪಕ್ಕದ ಹೆದ್ದಾರಿಯಲ್ಲಿ ನುಗ್ಗುವ ಕಾರುಗಳ ಪೈಕಿ ನಿಲ್ಲುವವು ಕಡಿಮೆ. ಬೆಂಗಳೂರು ಹಳ್ಳಿಗಳ ಕಡೆಗೆ ಬೆಳೆಯುತ್ತಿದೆ ಎನ್ನುತ್ತೇವೆ. ಬೆಂಗಳೂರು ಹೊರಟಿದ್ದೇ ಇಂಥ ಹಳ್ಳಿಯಿಂದ ಎಂಬುದು ಆವತಿಯಲ್ಲಿ ನಿಂತವರಿಗೆ ತಿಳಿಯುತ್ತದೆ.

ಇಲ್ಲಿಂದ ನಂದಿಯ ಕಡೆಗೆ ಒಳರಸ್ತೆ ಹಿಡಿದೆ. ಕಾರಿನಲ್ಲಿ ಹೋಗುವವರಿಗೆ ಈ ಬಯಲು ಸಮತಟ್ಟು. ಸೈಕಲ್ಲಿಗೆ ಹಾಗಲ್ಲ, ಕಾಲಿಗೆ ನೆಲದ ಒಂದೊಂದು ಮಡಿಕೆಯೂ ಗೊತ್ತಾಗುತ್ತದೆ. ಸಣ್ಣಗೆ ಏರು, ಮತ್ತೆ ಉದ್ದನೆಯ ಇಳಿಜಾರು, ಇಳಿಜಾರಿನ ಕೊನೆಯಲ್ಲಿ ತಪ್ಪದೆ ಒಂದು ಕೆರೆ. ರಸ್ತೆ ಕೆರೆಯ ಏರಿಯ ಮೇಲೆಯೇ ಹಾದು, ಕೋಡಿ ದಾಟಿ, ಮತ್ತೆ ಮೇಲೇರುತ್ತದೆ. ಹೀಗೆ ನಾಲ್ಕಾರು ಸಲ ಆದಮೇಲೆ ಹಳಬರು ಕಟ್ಟಿದ ವ್ಯವಸ್ಥೆ ಕಣ್ಣಿಗಿಂತ ಮೊದಲು ಮಂಡಿಗೆ ಅರ್ಥವಾಗುತ್ತದೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡು ಶತಮಾನಗಳ ಕಾಲ ಉಂಡದ್ದು ಈ ಸರಪಳಿಯಿಂದ. ಏರಿಯ ಈಚೆ ಬದಿಗೆ ತೆಂಗು, ಹಿಪ್ಪುನೇರಳೆ, ರಾಗಿ ಕೊಯ್ದ ಹೊಲ, ಸೇವಂತಿಗೆ. ಅದನ್ನು ದಾಟಿ ಸ್ವಲ್ಪ ಮೇಲಕ್ಕೆ, ನೀರು ನಿಲ್ಲದ ಕೆಂಪು ಮಣ್ಣಿನಲ್ಲಿ, ದ್ರಾಕ್ಷಿ.

ಇಲ್ಲಿನ ದ್ರಾಕ್ಷಿ ತೋಟ ಯುರೋಪಿನ ಚಿತ್ರಗಳಲ್ಲಿ ಕಾಣುವ ಹಾಗೆ ಸೊಂಟದೆತ್ತರದ ಸಾಲುಗಳಾಗಿ ನಿಂತಿರುವುದಿಲ್ಲ. ಬಂಡೆ ಸೀಳಿ ತಂದ ಕಲ್ಲುಕೂಚಗಳನ್ನು ನೆಟ್ಟು, ಅವುಗಳ ತಲೆಯ ಮೇಲೆ ಅಡ್ಡಡ್ಡ ತಂತಿ ಬಿಗಿದು, ಬಳ್ಳಿಯನ್ನು ಮೇಲೆ ಹಬ್ಬಿಸಿರುತ್ತಾರೆ. ಒಳಗೆ ಕಾಲಿಟ್ಟರೆ ತಲೆಯ ಮೇಲೊಂದು ಹಸಿರು ಚಾವಣಿ. ಗೊಂಚಲುಗಳು ಮುಖದ ಮಟ್ಟಕ್ಕೆ ಇಳಿಬಿದ್ದಿರುತ್ತವೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದ್ದರೂ ಒಳಗೆ ತಂಪು. ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಒಂದೊಂದು ಚಪ್ಪರದ ಪಕ್ಕ ಹಾಯ್ದಾಗಲೂ ಆ ತಂಪಿನ ಒಂದು ಅಲೆ ತೋಳಿಗೆ ತಾಗುತ್ತದೆ, ಹಣ್ಣು ಮಾಗಿದ್ದರೆ ಅದರ ಘಮವೂ ಸೇರಿ. ಬೆಂಗಳೂರು ಬ್ಲೂ ದ್ರಾಕ್ಷಿಯ ಆ ಘಾಟು ಸಿಹಿ ವಾಸನೆ ಮೂಗಿಗೆ ತಕ್ಷಣ ಗುರುತು ಸಿಗುತ್ತದೆ.

ಒಂದು ತೋಟದಲ್ಲಿ ಕೊಯ್ಲು ನಡೆದಿತ್ತು. ರಸ್ತೆ ಬದಿಯಲ್ಲಿ ಕ್ರೇಟುಗಳು, ಒಂದು ಗೂಡ್ಸ್ ಗಾಡಿ. ಸೈಕಲ್ ನಿಲ್ಲಿಸಿದ್ದನ್ನು ನೋಡಿ ತೋಟದ ಯಜಮಾನರು ತಾವೇ ಕರೆದರು.

“ಬನ್ನಿ ಸಾರ್, ನೆಳ್ಳಿಗೆ ಬನ್ನಿ. ಬೆಟ್ಟಕ್ಕೆ ಹೊಂಟಿದ್ರಾ?”

“ಇಲ್ಲ ಯಜಮಾನ್ರೆ, ತೋಟಗಳನ್ನ ನೋಡ್ಕೊಂಡು ಹೋಗೋಣ ಅಂತ.”

ಅವರಿಗೆ ಅಚ್ಚರಿಯಾಯಿತು. ಸೈಕಲ್ಲಿನವರು ಪ್ರತಿ ವಾರ ಈ ದಾರಿಯಲ್ಲಿ ಹೋಗುತ್ತಾರೆ, ನಿಲ್ಲುವುದು ಕಡಿಮೆ. ಒಂದು ಗೊಂಚಲು ಕಿತ್ತು ಕೈಗಿಟ್ಟರು. ಹಣ್ಣನ್ನು ಒತ್ತಿದರೆ ದಪ್ಪ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಬಾಯಿಗೆ ಜಾರುತ್ತದೆ. ಮೊದಲು ಸಿಹಿ, ನಾಲಗೆಯ ಬದಿಗೆ ಹುಳಿ, ಕೊನೆಗೆ ಬೀಜ.

“ಇದು ಅಕ್ಟೋಬರ್ ಕಟಿಂಗಿನ ಹಣ್ಣು. ಆ ಕಡೆ ಅಣ್ಣನ ತೋಟ ನೋಡಿ, ಈಗ ತಾನೇ ಕಟಿಂಗ್ ಆಗದೆ. ಅವ್ರದ್ದು ಬರೋ ಹೊತ್ಗೆ ನಮ್ದು ಮುಗ್ದೋಗಿರುತ್ತೆ. ಎಲ್ರೂ ಒಂದೇ ಸಲ ಬಿಟ್ರೆ ರೇಟ್ ಎಲ್ಲಿ ಸಿಗುತ್ತೆ ಹೇಳಿ?”

ನೆತ್ತಿಯಿಂದ ಕಂಡ ಮೂರು ಬಣ್ಣದ ಚೌಕಗಳ ಗುಟ್ಟು ಇದು. ಫ್ರಾನ್ಸಿನಲ್ಲೋ ಇಟಲಿಯಲ್ಲೋ ಆದರೆ ಚಳಿಗಾಲ ಬಂದು ಎಲೆಯನ್ನೆಲ್ಲ ಉದುರಿಸಿ ಬಳ್ಳಿಯನ್ನು ಮಲಗಿಸುತ್ತದೆ. ವಸಂತಕ್ಕೆ ಇಡೀ ಸೀಮೆ ಒಟ್ಟಿಗೆ ಚಿಗುರುತ್ತದೆ, ಶರತ್ಕಾಲಕ್ಕೆ ಒಟ್ಟಿಗೆ ಕೊಯ್ಲಿಗೆ ಬರುತ್ತದೆ. ನಂದಿಯ ಬುಡದಲ್ಲಿ ಅಂಥ ಚಳಿ ಇಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಎಲೆ ಬಿಡುತ್ತಲೇ ಇರುತ್ತದೆ, ಸರಿಯಾಗಿ ಹಣ್ಣು ಕೊಡುವುದಿಲ್ಲ. ಇಲ್ಲಿ ಬಳ್ಳಿಗೆ ಋತು ಕೊಡುವುದು ಕತ್ತರಿ. ರೈತ ಸವರಿದ ದಿನವೇ ಅದರ ಯುಗಾದಿ. ಸವರಿದ ಮೇಲೆ ಚಿಗುರು, ಹೂವು, ಕಾಯಿ, ಹಣ್ಣು. ಬೆಂಗಳೂರು ಬ್ಲೂ ತಳಿಯಲ್ಲಿ ಹೀಗೆ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ರಸ್ತೆಯಲ್ಲಿ ಹೋಗುವಾಗ ಹಸಿರು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ಈ ನೋಟದ ಹಿಂದೆ ವರ್ಷಕ್ಕೆ ಎರಡು ಸಲ ಒಬ್ಬೊಬ್ಬ ರೈತನೂ ಮಾಡಿದ ತೀರ್ಮಾನ ಇದೆ: ಈ ಸಲವೂ ಬೆಳೆಯೋಣ, ಈ ಸಲವೂ ಸಾಲ ತಂದು ಗೊಬ್ಬರ ಹಾಕೋಣ, ಈ ಸಲವೂ ಬೋರ್‌ವೆಲ್ ನಂಬೋಣ.

“ಒಂದ್ ವಾರ ತೋಟಕ್ಕೆ ಬರ್ಲಿಲ್ಲ ಅಂದ್ರೆ ಗೊತ್ತಾಗೋಗುತ್ತೆ ಸಾರ್. ಮೋಡ ಮುಚ್ಕೊಂಡ್ರೆ ಬೂಜು, ಬಿಟ್ರೆ ಬೂದಿ ರೋಗ. ಬೇಸಿಗೇಲಿ ಆಲಿಕಲ್ಲು ಬಿತ್ತು ಅಂದ್ರೆ ಚಪ್ಪರಾನೇ ಹೋಗುತ್ತೆ” ಎಂದು ಯಜಮಾನರು ತಂತಿಯನ್ನೊಮ್ಮೆ ಎಳೆದು ನೋಡಿದರು. ಕಲ್ಲುಕೂಚಗಳ ಮೇಲೆ ತಿಳಿನೀಲಿ ಕಲೆಗಳು ಇಳಿದಿದ್ದವು. ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುವ ಬೋರ್ಡೋ ದ್ರಾವಣದ ಗುರುತು.

ಆ ನೀಲಿ ಕಲೆಗೆ ಒಂದು ಕಥೆ ಇದೆ, ಅದು ರಸ್ತೆ ಬದಿಯದ್ದೇ. ಫ್ರಾನ್ಸಿನ ಬೋರ್ಡೋ ಸೀಮೆಯ ಮೆಡಾಕ್‌ನಲ್ಲಿ ರೈತರು ರಸ್ತೆಗೆ ಹತ್ತಿಕೊಂಡ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. ದಾರಿಹೋಕರು ಹಣ್ಣು ಕದಿಯದಿರಲಿ ಎಂಬುದಷ್ಟೇ ಉದ್ದೇಶ. 1880ರ ದಶಕದಲ್ಲಿ ಬೂಜು ರೋಗ ಬಂದು ತೋಟಗಳೆಲ್ಲ ಎಲೆ ಕಳೆದುಕೊಂಡಾಗ ರಸ್ತೆ ಬದಿಯ ಈ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಪಿಯೆರ್ ಮಿಯಾರ್ದೆ ಅದನ್ನು ಗಮನಿಸಿದರು, ಪ್ರಯೋಗ ಮಾಡಿದರು, 1885ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿದರು. ದಾರಿಯಲ್ಲಿ ಹೋಗುವವರೊಬ್ಬರು ನಿಂತು, ಈ ಬದಿ ಹಸಿರು ಆ ಬದಿ ಬೋಳು ಯಾಕೆ ಎಂದು ಕೇಳಿಕೊಂಡದ್ದರ ಫಲ ಇಂದಿಗೂ ನಂದಿಯ ಬುಡದ ಕಲ್ಲುಕೂಚಗಳ ಮೇಲೆ ನೀಲಿಯಾಗಿ ಹತ್ತಿಕೊಂಡಿದೆ. ನಿಧಾನವಾಗಿ ಹೋಗಿ, ನಿಂತು ನೋಡುವುದು ಕಾಲಹರಣ ಎಂದು ಇನ್ನು ಯಾರೂ ನನಗೆ ಹೇಳಬೇಕಾಗಿಲ್ಲ.

ಫ್ರಾನ್ಸಿಗೂ ಈ ಹಣ್ಣಿಗೂ ಇರುವ ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ನಾವು ಬೆಂಗಳೂರು ಬ್ಲೂ ಎನ್ನುವುದು ಅಮೆರಿಕ ಮೂಲದ ‘ಇಸಬೆಲ್ಲಾ’ ತಳಿ. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇದರಲ್ಲಿರುವುದರಿಂದಲೇ ಆ ಘಾಟು, ಆ ಜಾರುವ ಸಿಪ್ಪೆ, ರೋಗಕ್ಕೆ ಅಷ್ಟು ಸುಲಭವಾಗಿ ಬಗ್ಗದ ಗಟ್ಟಿತನ. ಇದೇ ಇಸಬೆಲ್ಲಾ ಸೇರಿ ಆರು ತಳಿಗಳನ್ನು ಫ್ರಾನ್ಸ್ 1934ರ ಕಾನೂನಿನಿಂದ ನಿಷೇಧಿಸಿತು. ಅಲ್ಲಿ ಹೊರಗೆ ಹಾಕಿಸಿಕೊಂಡ ಬಳ್ಳಿ ಬೆಂಗಳೂರಿನ ಸುತ್ತಲಿನ ಕೆಂಪು ಮಣ್ಣಿನಲ್ಲಿ ಸುಮಾರು ನೂರೈವತ್ತು ವರ್ಷಗಳಿಂದ ಬಾಳುತ್ತಿದೆ. ಹಣ್ಣಾಗಿ, ರಸವಾಗಿ, ಜಾಮ್ ಆಗಿ, ಸಿಹಿ ವೈನ್ ಆಗಿ ಸಾವಿರಾರು ಮನೆಗಳನ್ನು ನಡೆಸಿದೆ. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ಒಂದು ಮಣ್ಣು ಬೇಡವೆಂದದ್ದನ್ನು ಇನ್ನೊಂದು ಮಣ್ಣು ತನ್ನದೆಂದು ಹೆಸರಿಟ್ಟು ಸಾಕಿದ್ದರಲ್ಲಿ ನನಗೆ ದೊಡ್ಡತನ ಕಾಣುತ್ತದೆ.

ಯಜಮಾನರ ತೋಟದಿಂದ ಹೊರಡುವಾಗ ಹಣ್ಣಿನ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಅವರ ಸೊಸೆ ಕ್ರೇಟಿನಿಂದ ತೂಗಿ ಕೊಟ್ಟ ಒಂದು ಕೆ.ಜಿ. ಹಣ್ಣಿಗಷ್ಟೇ ದುಡ್ಡು ಪಡೆದರು. “ನೀರಿರೋಗಂಟ ಮಾಡ್ತೀವಿ ಸಾರ್” ಎಂದರು. ಆ ಮಾತಿನಲ್ಲಿ ದುಃಖ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಲೆಕ್ಕ ಇತ್ತು.

ನಂದಿ ಗ್ರಾಮಕ್ಕೆ ಬಂದಾಗ ಬಿಸಿಲು ಏರಿತ್ತು. ಭೋಗನಂದೀಶ್ವರ ದೇವಾಲಯದ ಎದುರು ಹೂವು ಮಾರುತ್ತಿದ್ದ ಅಮ್ಮನನ್ನು ಸೈಕಲ್ ಎಲ್ಲಿಡಲಿ ಎಂದು ಕೇಳಿದೆ. “ಇಲ್ಲೇ ಇಡಪ್ಪ, ನಾನಿರ್ತೀನಿ” ಎಂದರು. ಒಳಗೆ ಹೋದರೆ ಕಾಲ ಪದರುಪದರಾಗಿ ನಿಂತಿದೆ. ಸುಮಾರು 806ರ ಕಾಲಕ್ಕೆ ಸೇರಿದ ಶಾಸನ ಈ ಕ್ಷೇತ್ರವನ್ನು ರಾಷ್ಟ್ರಕೂಟ ಮೂರನೆಯ ಗೋವಿಂದನ ದಿನಗಳಿಗೆ ಕೊಂಡೊಯ್ಯುತ್ತದೆ. ಆಮೇಲೆ ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು. ಭೋಗನಂದೀಶ್ವರ, ಅರುಣಾಚಲೇಶ್ವರ ಎಂಬ ಜೋಡಿ ಗುಡಿಗಳು, ನಡುವೆ ಉಮಾಮಹೇಶ್ವರ, ಅದರ ಮುಂದೆ ಕಪ್ಪು ಕಲ್ಲಿನ ಕಲ್ಯಾಣ ಮಂಟಪ, ಅದರ ಕಂಬಗಳಲ್ಲಿ ಬಳ್ಳಿಗಳು, ಹಕ್ಕಿಗಳು. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಎಂದು ಇಲ್ಲಿನವರು ನಂಬುತ್ತಾರೆ. ಬಂದವರು ಗೆದ್ದವರೇ ಆದರೂ ಹಿಂದಿನವರು ಕಟ್ಟಿದ್ದನ್ನು ಕೆಡವಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಂಬ ನೆಟ್ಟರು, ಇನ್ನೊಂದು ಪ್ರಾಕಾರ ಎತ್ತಿದರು.

ದೇವಾಲಯದ ಪ್ರಾಕಾರ ದಾಟಿ ಕಲ್ಯಾಣಿಗೆ ಬಂದೆ. ಜನ ಶೃಂಗಿ ತೀರ್ಥ ಎನ್ನುತ್ತಾರೆ. ನಾಲ್ಕೂ ದಿಕ್ಕಿಗೆ ಮೆಟ್ಟಿಲು, ಮೇಲೆ ಸುತ್ತಲೂ ಕಲ್ಲಿನ ಮಂಟಪದ ಸಾಲು. ಬೆಟ್ಟದ ನೆರಳಿನಲ್ಲಿ, ಬೆಟ್ಟದ ನೀರು ಇಳಿಯುವ ಜಾಗದಲ್ಲೇ ಅದನ್ನು ಕಟ್ಟಿದ್ದಾರೆ. ಶಿವರಾತ್ರಿಯ ಮರುದಿನ ಇಲ್ಲಿ ತೇರು, ಸುತ್ತಲ ಊರುಗಳೆಲ್ಲ ಬಂದು ಕೂಡುತ್ತವೆ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಹಣ್ಣು ತಿನ್ನುವಾಗ ಒಂದು ವಿಷಯ ತಿಳಿಯಾಯಿತು. ಏರಿಯ ಮೇಲೆ ಹಾದ ರಸ್ತೆ, ಯಜಮಾನರ ಮಾತು, ಈ ಕಲ್ಲಿನ ಕಟ್ಟಡ, ಮೂರೂ ಹೇಳುತ್ತಿದ್ದುದು ನೀರಿನ ಕಥೆಯನ್ನೇ.

ನಂದಿ ಮತ್ತು ಅದರ ಸುತ್ತಣ ಬೆಟ್ಟಸಾಲು ಒಂದು ದೊಡ್ಡ ನೀರಿನ ತಲೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಘ್ನಿ ಎಲ್ಲವೂ ಈ ಎತ್ತರದಿಂದ ಬೇರೆ ಬೇರೆ ದಿಕ್ಕಿಗೆ ಇಳಿಯುತ್ತವೆ. ಅರ್ಕಾವತಿ ಹಿಡಿದ ದಾರಿ ಬೆಂಗಳೂರಿನದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹರಿದಾಗ ನಗರ ಕುಡಿದದ್ದು ಈ ಬೆಟ್ಟದ ಮೇಲೆ ಬಿದ್ದ ಮಳೆಯನ್ನು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು, ಅದೂ ಅರ್ಕಾವತಿಯದೇ. ಮುಂದೆ ನೀರಿನ ದಾರಿಗಳು ಮುಚ್ಚಿದವು, ಕೊಳವೆಬಾವಿಗಳು ಆಳಕ್ಕಿಳಿದವು, ನದಿ ಬತ್ತಿತು, ಬೆಂಗಳೂರು ಕಾವೇರಿಯ ಕಡೆಗೆ ತಿರುಗಿತು. ನಂದಿಯ ಬುಡದ ಹಳ್ಳಿಗಳಿಗೆ ತಿರುಗಲು ಬೇರೆ ದಿಕ್ಕಿರಲಿಲ್ಲ. ಅವರು ಇನ್ನೂ ಆಳಕ್ಕೆ ಕೊರೆದರು. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಯಾರಿಗೂ ಸುದ್ದಿಯಲ್ಲ.

ಈಗ ನೀರು ಹಿಂದಕ್ಕೆ ಹರಿಯುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ಪಂಪ್ ಮಾಡಿ, ಈ ಕಡೆಯ 65 ಕೆರೆಗಳನ್ನು ತುಂಬಿಸುವ ಕೆಲಸ ನಡೆದಿದೆ. ದಶಕಗಳಿಂದ ಒಣಗಿದ್ದ ಕೆರೆಗಳಲ್ಲಿ ನೀರು ಕಂಡಾಗ ಜನ ಹಿಗ್ಗಿದರು, ಅಂತರ್ಜಲ ಮೇಲೆ ಬಂದ ಸಮಾಧಾನವೂ ಇದೆ. ಜೊತೆಗೇ, ಮೂರನೆಯ ಹಂತದ ಸಂಸ್ಕರಣೆ ಮಾಡಿ ಕೊಡಿ, ಇದೇ ನೀರು ನಮ್ಮ ಬಾವಿಗೂ ಇಳಿಯುತ್ತದೆ ಎಂದು ರೈತರು ಕೇಳುತ್ತಲೇ ಬಂದಿದ್ದಾರೆ. ನ್ಯಾಯವಾದ ಮಾತು. ಇಲ್ಲಿಂದ ನಗರಕ್ಕೆ ಹೋದದ್ದು ಮಳೆನೀರು. ನಗರದಿಂದ ಇಲ್ಲಿಗೆ ಬರುವುದೂ ಅದರ ಹತ್ತಿರಕ್ಕಾದರೂ ಬರಬೇಕು. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವ ನನ್ನಂಥವರು ಈ ಬೇಡಿಕೆಗೆ ದನಿ ಸೇರಿಸುವುದು ಉಪಕಾರವಲ್ಲ, ಸಾಲ ತೀರಿಸುವುದು.

ನಂದಿಯಿಂದ ಮುದ್ದೇನಹಳ್ಳಿ ಹತ್ತಿರ. ಬೆಟ್ಟಗಳ ಮಡಿಲಲ್ಲಿ ಕೂತ ಈ ಊರಿನಲ್ಲಿ 1861ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದರು. ಅವರ ಸಮಾಧಿ ಇರುವುದೂ ಇಲ್ಲೇ. ಖಡಕವಾಸ್ಲಾ ಅಣೆಕಟ್ಟಿಗೆ ತಾನಾಗಿ ತೆರೆದು ಮುಚ್ಚುವ ಗೇಟುಗಳನ್ನು ರೂಪಿಸಿದವರು, ಕನ್ನಂಬಾಡಿಯ ಹಿಂದೆ ಬಲವಾಗಿ ನಿಂತವರು ಹುಟ್ಟಿದ್ದು ಹೊಳೆಯಿಲ್ಲದ ಈ ಊರಿನಲ್ಲಿ. ಒಂದು ಮಳೆಗಾಲ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೆರೆಯ ಏರಿಯ ಮೇಲೆ ನಿಂತೇ ತಿಳಿಯುವ ಸೀಮೆ ಇದು. ನೀರಿನ ಹನಿಹನಿಗೂ ಲೆಕ್ಕ ಇಡುವ ಶಿಸ್ತು ಇಂಥ ಕಡೆ ಮೊಳೆತದ್ದು ನನಗೆ ಸಹಜವಾಗಿ ಕಾಣುತ್ತದೆ.

ಮರಳುವಾಗ ಬೆಟ್ಟವನ್ನು ಬಲಕ್ಕಿಟ್ಟುಕೊಂಡು ಪಶ್ಚಿಮಕ್ಕೆ ತಿರುಗಿದೆ. ಹೆಗ್ಗಡಿಹಳ್ಳಿ, ತೂಬಗೆರೆಯ ಕಡೆಯ ರಸ್ತೆಗಳಲ್ಲಿ ವಾಹನ ಕಡಿಮೆ. ಬಂಡೆಗಳ ಬುಡಕ್ಕೆ ಹತ್ತಿಕೊಂಡ ಹಳ್ಳಿಗಳು, ಅಂಗಳದಲ್ಲಿ ರಾಶಿ ಹಾಕಿದ ರಾಗಿಹುಲ್ಲು, ಅರಳಿಕಟ್ಟೆ, ಮತ್ತೆ ಮತ್ತೆ ಚಪ್ಪರ. ಇಲ್ಲಿ ಬ್ಲೂ ಜೊತೆಗೆ ಹಸಿರು ದಿಲ್‌ಕುಷ್ ಗೊಂಚಲುಗಳೂ ಕಾಣಿಸುತ್ತವೆ. ಏರು ಸಣ್ಣದು, ಗಾಳಿ ಬೆನ್ನಿಗಿತ್ತು. ಬಲಗಡೆ ಹೊರಳಿ ನೋಡಿದಾಗಲೆಲ್ಲ ನಂದಿಯ ಬಂಡೆ ಆಕಾರ ಬದಲಿಸುತ್ತಿತ್ತು. ತಿರುವುಗಳನ್ನು ಎಣಿಸುತ್ತ ಅದನ್ನು ಹತ್ತಿದವನಿಗೆ ಅದರ ಇಡೀ ಮೈ ಕಂಡದ್ದು ಈ ಬುಡದ ದಾರಿಯಲ್ಲೇ.

ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದ ಬಳಿ ಚಿತ್ರ ಬದಲಾಗುತ್ತದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರೆಂಚ್ ವೈನ್ ತಜ್ಞರ ನೆರವಿನಿಂದ 1988ರಲ್ಲಿ ಶುರು ಮಾಡಿದ ದ್ರಾಕ್ಷಿ ತೋಟ ಮತ್ತು ವೈನರಿ ಇಲ್ಲಿದೆ. ಕ್ಯಾಬರ್ನೆ, ಶಿರಾಜ್, ಸೊವಿನ್ಯೋ ಬ್ಲಾಂ ಬಳ್ಳಿಗಳು ಇಲ್ಲಿ ಚಪ್ಪರವಿಲ್ಲದೆ ನೆಟ್ಟಗೆ ಸಾಲಾಗಿ ನಿಂತಿವೆ. ಸುಮಾರು 900 ಮೀಟರ್ ಎತ್ತರ, ಹಗಲು ಬಿಸಿಲು, ರಾತ್ರಿ ತಂಪು, ನೀರು ಬಸಿದುಹೋಗುವ ಮಣ್ಣು. ಫ್ರಾನ್ಸಿನ ಬಳ್ಳಿ ಇಲ್ಲಿ ಹಣ್ಣು ಕೊಟ್ಟದ್ದಕ್ಕೆ ಇವು ಕಾರಣ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು. ಫ್ರಾನ್ಸ್ ಹೊರಗಟ್ಟಿದ ತಳಿಯೂ ಫ್ರಾನ್ಸಿನಿಂದ ಬಂದ ತಳಿಯೂ ಒಂದೇ ಬೆಟ್ಟದ ಎರಡು ಬದಿಗೆ ಬೆಳೆಯುತ್ತಿರುವುದು ಈ ಸೀಮೆಯ ವಿಶೇಷ. ಎರಡಕ್ಕೂ ಬೇಕಾದದ್ದು ಒಂದೇ: ನೆಲ, ನೀರು, ಕತ್ತರಿ ಹಿಡಿಯಲು ಬರುವ ಕೈ.

ಆ ಮೂರರಲ್ಲಿ ಇವತ್ತು ಹೆಚ್ಚು ಅಲುಗಾಡುತ್ತಿರುವುದು ನೆಲ. 2008ರಲ್ಲಿ ವಿಮಾನ ನಿಲ್ದಾಣ ತೆರೆದಾಗಿನಿಂದ ದೇವನಹಳ್ಳಿಯ ಸುತ್ತ ಎಕರೆ ಎಂಬುದು ಚದರಡಿಯಾಗಿದೆ. ನಾನು ಹಾದ ದಾರಿಯಲ್ಲೇ ಎಷ್ಟೋ ಕಡೆ ಕಲ್ಲುಕೂಚಗಳು ಮಾತ್ರ ನಿಂತಿದ್ದವು, ತಂತಿ ಇರಲಿಲ್ಲ, ಬಳ್ಳಿ ಇರಲಿಲ್ಲ, ಬಡಾವಣೆಯ ಬೋರ್ಡು ಇತ್ತು. ಮಾರಿದವರನ್ನು ದೂರುವ ಹಕ್ಕು ನನಗಿಲ್ಲ. ಬೋರ್ ಬತ್ತಿ, ಸಾಲ ಏರಿ, ಮಗ ನಗರದಲ್ಲಿ ಕೆಲಸಕ್ಕೆ ಸೇರಿದ ಮನೆಯ ಲೆಕ್ಕ ಆ ಮನೆಯವರಿಗೇ ಗೊತ್ತು. ಆದರೆ ಮಾರುವುದಿಲ್ಲ ಎಂದವರೂ ಇದ್ದಾರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಸರ್ಕಾರ ಹೊರಟಾಗ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. ಹೂವು, ತರಕಾರಿ, ರೇಷ್ಮೆ, ದ್ರಾಕ್ಷಿ ಬೆಳೆಯುವ ನೆಲ ಅದು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಈ ಸೀಮೆಯ ಹಸಿರು ತಾನಾಗಿ ಉಳಿದದ್ದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಾವು ಚೆಲುವು ಎಂದು ಕರೆಯುವ ಗ್ರಾಮೀಣ ನೋಟಗಳ ಬಗ್ಗೆ ನನಗಿರುವ ನಂಬಿಕೆ ಇಷ್ಟೇ: ಅವು ಯಾರದೋ ದಿನಗೂಲಿ, ಯಾರದೋ ಸಾಲ, ಯಾರದೋ ಹಠ. ಕೋಟೆಯ ಬೀದಿಗೆ ರಂಗೋಲಿ ಬಿಡುವವರಿಂದ ಕೋಟೆ ಊರಾಗಿದೆ. ತೇರು ಎಳೆಯುವವರಿಂದ ಗುಡಿ ಗುಡಿಯಾಗಿದೆ. ವರ್ಷಕ್ಕೆ ಎರಡು ಸಲ ಕತ್ತರಿ ಹಿಡಿಯುವವರಿಂದ ಬಯಲು ತೋಟವಾಗಿದೆ. ಒಂದು ಕಟಿಂಗ್ ತಪ್ಪಿದರೆ ಚಪ್ಪರ ಕಾಡು, ಎರಡು ತಪ್ಪಿದರೆ ಸೈಟು.

ಹಾಗಾಗಿ ಬೆಂಗಳೂರಿನ ಸೈಕಲ್ ಗೆಳೆಯರಲ್ಲಿ ನನ್ನದೊಂದು ಮನವಿ. ನಂದಿ ಹತ್ತಿ, ಖಂಡಿತ ಹತ್ತಿ. ಇಳಿದ ಮೇಲೆ ಹೆದ್ದಾರಿಗೆ ಓಡದೆ ಒಳರಸ್ತೆ ಹಿಡಿಯಿರಿ. ಕೆರೆ ಏರಿಯ ಮೇಲೆ ಹೋಗುವಾಗ ನೀರು ಎಷ್ಟಿದೆ, ಎಂಥದಿದೆ ನೋಡಿ. ರಸ್ತೆ ಬದಿಗೆ ಕ್ರೇಟು ಇಟ್ಟುಕೊಂಡು ಕೂತ ಅಕ್ಕನ ಹತ್ತಿರ ಚೌಕಾಸಿ ಮಾಡದೆ ಹಣ್ಣು ಕೊಳ್ಳಿ. ಸುಗ್ಗಿಯ ಕಾಲದಲ್ಲಿ ಮಾಲ್‌ಗಳಲ್ಲಿ ದೂರದ ದೇಶದ ದ್ರಾಕ್ಷಿ ಹುಡುಕದೆ ಬೀಜವಿರುವ, ಹುಳಿಯಿರುವ, ಘಮವಿರುವ ನಮ್ಮ ಬ್ಲೂ ಕೇಳಿ ಪಡೆಯಿರಿ. ಸಂಸ್ಕರಿಸಿದ ನೀರಿನ ಗುಣಮಟ್ಟದ ಬಗ್ಗೆ, ಕೃಷಿ ಭೂಮಿಯ ಬಗ್ಗೆ ಈ ಹಳ್ಳಿಗಳು ಮಾತಾಡುವಾಗ ಅದು ಬೇರೆ ಜಿಲ್ಲೆಯ ಸುದ್ದಿ ಎಂದು ಪುಟ ತಿರುಗಿಸಬೇಡಿ. ನಮ್ಮ ಊರು ಹುಟ್ಟಿದ್ದು ಇವರ ಊರಿನಿಂದ, ನಾವು ಮೊದಲು ಕುಡಿದದ್ದು ಇವರ ಬೆಟ್ಟದ ನೀರು. ವಾರಕ್ಕೊಮ್ಮೆ ಇವರ ರಸ್ತೆಯಲ್ಲಿ ಉಸಿರು ತುಂಬಿಕೊಂಡು ಹೋಗುವ ನಾವು ಇವರ ಪಾಲಿಗೆ ನಿಂತು ಮಾತಾಡಿಸುವ ನೆರೆಯವರಾದರೂ ಆಗಬೇಕು.